ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಡವರ ಬಗ್ಗೆ ಸಾಕ್ಷ್ಯಚಿತ್ರ ಅಂದರೆ ನನಗೆ ಮೊದಲೇ ಒಂದು ಅನುಮಾನ. ಹಿನ್ನೆಲೆಯಲ್ಲಿ ಪಿಯಾನೊ ಮೆಲ್ಲಗೆ ಶುರುವಾಗುತ್ತದೆ. ಕ್ಯಾಮೆರಾ ಒಬ್ಬರ ಮುಖದ ಹತ್ತಿರ ಹೋಗಿ, ಕಣ್ಣಲ್ಲಿ ನೀರು ಬರುವ ತನಕ ಅಲ್ಲೇ ಕಾಯುತ್ತದೆ. ನೋಡಿದವರು ಒಂದು ನಿಟ್ಟುಸಿರು ಬಿಟ್ಟು, ನಾಲ್ಕು ಜನಕ್ಕೆ ಹೇಳಿ, ಸುಮ್ಮನಾಗುತ್ತಾರೆ. ಅದರ ಜೊತೆಗೆ ‘ಆಟ ಬದುಕು ಬದಲಿಸಿತು’ ಅನ್ನೋ ಕಥೆ ಬೇರೆ ಸೇರಿಕೊಂಡರೆ ಕೇಳಲೇಬೇಡಿ. ಕೊನೆಗೆ ಏನಾಗುತ್ತದೆ ಅಂತ ಶುರುವಿನಲ್ಲೇ ಗೊತ್ತಾಗಿಬಿಡುತ್ತದೆ.

‘ಕಿಕಿಂಗ್ ಇಟ್’ ನೋಡಲು ಕೂತಾಗಲೂ ಈ ಅನುಮಾನ ಜೊತೆಗೇ ಇತ್ತು. ಇದು 2008ರ ಚಿತ್ರ. ಸೂಸನ್ ಕೋಕ್ ಮತ್ತು ಜೆಫ್ ವರ್ನರ್ ಮಾಡಿದ್ದು, ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿದ್ದು. ನಿರೂಪಣೆಗೆ ಐರಿಷ್ ನಟ ಕಾಲಿನ್ ಫಾರೆಲ್ ದನಿ ಕೊಟ್ಟಿದ್ದಾರೆ. 2006ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಹೋಮ್‌ಲೆಸ್ ವರ್ಲ್ಡ್ ಕಪ್ ನಡೆಯಿತು. ಸೂರಿಲ್ಲದವರೇ ಆಡುವ ಫುಟ್‌ಬಾಲ್ ವಿಶ್ವಕಪ್ ಅದು. ಅಲ್ಲಿಗೆ ಹೊರಟ ಏಳು ಜನರ ಬೆನ್ನು ಹತ್ತಿ ಈ ಚಿತ್ರ ಹೋಗುತ್ತದೆ.

ಒಬ್ಬ ಯುದ್ಧದಲ್ಲಿ ನಲುಗಿದ ಅಫ್ಘಾನಿಸ್ತಾನದವನು. ಒಬ್ಬ ಕೀನ್ಯಾದ ಕೊಳೆಗೇರಿಯವನು. ಇಬ್ಬರು ಡಬ್ಲಿನ್‌ನವರು, ಡ್ರಗ್ಸ್ ಬಿಡಿಸುವ ಚಿಕಿತ್ಸಾ ಕೇಂದ್ರದ ದಾರಿ ಹಿಡಿದವರು. ಒಬ್ಬ ಅಮೆರಿಕದ ಶಾರ್ಲೆಟ್ ನಗರದವನು, ಇನ್ನೊಬ್ಬ ಮ್ಯಾಡ್ರಿಡ್‌ನವನು. ಏಳನೆಯವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬದುಕುವವನು, ತನ್ನ ದೇಶದಲ್ಲೇ ಕಾನೂನಿನ ಕಣ್ಣಿಗೆ ಅಕ್ರಮ ವಾಸಿ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋಗಿ ಸೇರುವ ಜಾಗ ಒಂದೇ ಆದರೂ ಬೀದಿಗೆ ಬಂದ ದಾರಿ ಒಬ್ಬೊಬ್ಬರದು ಒಂದೊಂದು. ಡಬ್ಲಿನ್‌ನ ಬಡವರ ಬಡಾವಣೆಗಳಿಗೆ ಹೆರಾಯಿನ್ ನುಗ್ಗಿದ್ದು 1980ರ ಸುಮಾರಿಗೆ. ಮನೆಮನೆಯಲ್ಲೂ ಒಬ್ಬರನ್ನು ಕಳಕೊಂಡ ಬೀದಿಗಳು ಅಲ್ಲಿವೆ. ಶಾರ್ಲೆಟ್ ಬ್ಯಾಂಕುಗಳ ಊರು. ಬ್ಯಾಂಕ್ ಆಫ್ ಅಮೆರಿಕದ ಮುಖ್ಯ ಕಚೇರಿ ಇರುವುದು ಅಲ್ಲೇ, ರಾತ್ರಿ ಕಳೆಯಲು ಆಶ್ರಯತಾಣದ ಬಾಗಿಲಲ್ಲಿ ಜನ ನಿಲ್ಲುವುದೂ ಅದೇ ಊರಲ್ಲೇ. ಇನ್ನು ಕಾಬೂಲ್. ಅಲ್ಲಿನ ಘಾಜಿ ಸ್ಟೇಡಿಯಂನಲ್ಲಿ ತಾಲಿಬಾನ್ ಮೊದಲ ಸಲ ಆಳಿದ ಕಾಲದಲ್ಲಿ (1996–2001) ಜನರನ್ನು ಸೇರಿಸಿ, ಎಲ್ಲರ ಕಣ್ಣೆದುರೇ ಮರಣದಂಡನೆ ಕೊಡುತ್ತಿದ್ದರು. ಆ ದೇಶದ ಹುಡುಗನಿಗೆ ಫುಟ್‌ಬಾಲ್ ಮೈದಾನ ಅಂದರೆ ಏನೇನು ನೆನಪಾಗುತ್ತಿತ್ತೋ.

ಟೂರ್ನಿ ಹುಟ್ಟಿದ ಕಥೆಯೂ ಕೇಪ್ ಟೌನ್‌ನಲ್ಲೇ ಶುರುವಾಗುತ್ತದೆ. ಅದಕ್ಕೆ ಮೊದಲು ಬೀದಿ ಪತ್ರಿಕೆಗಳ ಬಗ್ಗೆ ಎರಡು ಮಾತು. ಮನೆ ಕಳಕೊಂಡವರು ಬೀದಿಯಲ್ಲಿ ನಿಂತು ಮಾರುವ ಪತ್ರಿಕೆಗಳಿವು. ಮಾರುವವರು ಅರ್ಧ ಬೆಲೆಗೋ ಏನೋ ಕೊಂಡುಕೊಂಡು ಪೂರ್ತಿ ಬೆಲೆಗೆ ಮಾರುತ್ತಾರೆ. ನಡುವಿನ ದುಡ್ಡು ಅವರದು. ಭಿಕ್ಷೆ ಅಲ್ಲ, ವ್ಯಾಪಾರ. ಲಂಡನ್‌ನಲ್ಲಿ 1991ರಲ್ಲಿ ಶುರುವಾದ ‘ದಿ ಬಿಗ್ ಇಶ್ಯೂ’ ಇವುಗಳಲ್ಲಿ ಹೆಸರುವಾಸಿ. ಅದರ ಸ್ಕಾಟ್ಲೆಂಡ್ ಆವೃತ್ತಿ ಕಟ್ಟಿದವರಲ್ಲಿ ಮೆಲ್ ಯಂಗ್ ಒಬ್ಬರು. ಹರಾಲ್ಡ್ ಶ್ಮೀಡ್ ಆಸ್ಟ್ರಿಯಾದ ಗ್ರಾಟ್ಸ್ ಊರಿನ ಬೀದಿ ಪತ್ರಿಕೆಯವರು.

2001ರಲ್ಲಿ ಕೇಪ್ ಟೌನ್‌ನಲ್ಲಿ ಬೀದಿ ಪತ್ರಿಕೆಗಳ ಅಂತಾರಾಷ್ಟ್ರೀಯ ಸಮ್ಮೇಳನ ಇತ್ತು. ಸಂಜೆ ಇವರಿಬ್ಬರೂ ಬಿಯರ್ ಹಿಡಿದು ಕೂತಾಗ ಒಂದು ಪ್ರಶ್ನೆ ಕಾಡಿತು. ಮನೆಯಿಲ್ಲದವರ ಬಗ್ಗೆ ಇಷ್ಟೆಲ್ಲ ಮಾತಾಡುತ್ತಿದ್ದೇವೆ, ಅವರೊಬ್ಬರೂ ಇಲ್ಲಿಲ್ಲವಲ್ಲ? ಬೇರೆ ಬೇರೆ ದೇಶದ ಬೀದಿಯವರನ್ನು ಒಂದೆಡೆ ಸೇರಿಸಿದರೂ ಅವರು ಒಬ್ಬರಿಗೊಬ್ಬರು ಮಾತಾಡುವುದು ಯಾವ ಭಾಷೆಯಲ್ಲಿ? ಮಾತು ಅಲ್ಲಿಂದ ಫುಟ್‌ಬಾಲಿಗೆ ಹೊರಳಿತು. ಮೊದಲು ಸ್ಕಾಟ್ಲೆಂಡ್–ಆಸ್ಟ್ರಿಯಾ ಪಂದ್ಯ ಅಂದುಕೊಂಡರು, ಆಮೇಲೆ ಎರಡೇ ದೇಶ ಯಾಕೆ ಅಂದುಕೊಂಡರು. ಬಿಯರ್ ಕುಡಿಯುತ್ತಾ ಹುಟ್ಟಿದ ಯೋಜನೆಗಳು ಸಾಮಾನ್ಯವಾಗಿ ಬೆಳಗಿನ ತನಕ ಬಾಳುವುದಿಲ್ಲ, ಅಲ್ವಾ? ಇದು ಬಾಳಿತು. 2003ರಲ್ಲಿ ಗ್ರಾಟ್ಸ್ ನಗರದ ನಟ್ಟನಡುವೆ 18 ದೇಶಗಳ ತಂಡಗಳು ಆಡಿದವು, ಆತಿಥೇಯ ಆಸ್ಟ್ರಿಯಾ ಗೆದ್ದಿತು. ಮೂರು ವರ್ಷ ಕಳೆದು ಟೂರ್ನಿ ಕೇಪ್ ಟೌನ್‌ಗೆ ವಾಪಸ್ ಬರುವ ಹೊತ್ತಿಗೆ ದೇಶಗಳು 48 ಆಗಿದ್ದವು.

ನನಗೆ ತುಂಬಾ ಹಿಡಿಸಿದ್ದು ಆಟದ ನಿಯಮಗಳು. ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಇದಲ್ಲ. ಅಂಗಳ 22 ಮೀಟರ್ ಉದ್ದ, 16 ಮೀಟರ್ ಅಗಲ, ಅಷ್ಟೇ. ಒಂದು ಕಡೆಗೆ ನಾಲ್ಕೇ ಜನ. ಮೂವರು ಓಡಾಡುವವರು, ಒಬ್ಬ ಗೋಲ್‌ಕೀಪರ್. ಹೊರಗೆ ಇನ್ನು ನಾಲ್ವರು ಕಾಯುತ್ತಿರುತ್ತಾರೆ, ಯಾವಾಗ ಬೇಕಾದರೂ ಒಳಗೆ ಬರಬಹುದು, ಹೋಗಬಹುದು, ಮತ್ತೆ ಬರಬಹುದು. ಏಳು ನಿಮಿಷದ ಎರಡು ಅವಧಿ, ಹದಿನಾಲ್ಕು ನಿಮಿಷಕ್ಕೆ ಪಂದ್ಯ ಮುಗಿಯುತ್ತದೆ. ಸುತ್ತ ಹಲಗೆಯ ಗೋಡೆ ಇರುವುದರಿಂದ ಚೆಂಡು ಬಡಿದು ವಾಪಸ್ ಬರುತ್ತದೆ. ‘ಚೆಂಡು ಹೊರಗೆ ಹೋಯ್ತು, ಸ್ವಲ್ಪ ಉಸಿರು ತಗೊಳ್ಳೋಣ’ ಅನ್ನುವ ಹಾಗಿಲ್ಲ.

ಯಾರಿಗೋಸ್ಕರ ಮಾಡಿದ ನಿಯಮ ಇದು ಅಂತ ಯೋಚಿಸಿದರೆ ಒಂದೊಂದೂ ಅರ್ಥವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಸಿಗರೇಟು, ಕುಡಿತ, ಡ್ರಗ್ಸ್ ತಿಂದುಹಾಕಿದ ಮೈ ತೊಂಬತ್ತು ನಿಮಿಷ ಓಡಲಾರದು, ಎರಡು ನಿಮಿಷ ಓಡಬಲ್ಲದು. ಎರಡು ನಿಮಿಷ ಓಡಿ, ಹಲಗೆ ಹಿಡಿದು ಏದುಸಿರು ಬಿಟ್ಟು, ಆಮೇಲೆ ಮತ್ತೆ ಒಳಗೆ ಬರಬಹುದು. ದೊಡ್ಡ ಮೈದಾನದಲ್ಲಿ ಆಟ ಬಾರದವನು ಒಂದು ಮೂಲೆಯಲ್ಲಿ ನಿಂತು ಕಾಲ ಕಳೆಯಬಹುದು. ಇಲ್ಲಿ ಅಡಗಲು ಮೂಲೆಯೇ ಇಲ್ಲ. ಇಷ್ಟವಿದ್ದರೂ ಇಲ್ಲದಿದ್ದರೂ ಚೆಂಡು ಕಾಲಿಗೆ ಬರುತ್ತದೆ, ಪಕ್ಕದವನು ‘ಕೊಡು ಕೊಡು’ ಅಂತ ಕೂಗುತ್ತಾನೆ. ಪಂದ್ಯ ಸಮವಾದರೆ ಪೆನಾಲ್ಟಿಯಲ್ಲಿ ತೀರ್ಮಾನ. ಹಾಗೆ ಪೆನಾಲ್ಟಿಯಲ್ಲಿ ಗೆದ್ದವರಿಗೆ ಎರಡು ಅಂಕ, ಸೋತವರಿಗೂ ಒಂದು. ಮೊದಲ ಸುತ್ತಿನಲ್ಲಿ ಚೆನ್ನಾಗಿ ಒದೆ ತಿಂದ ತಂಡವನ್ನು ಮನೆಗೆ ಕಳಿಸುವುದೂ ಇಲ್ಲ. ಅದರ ಮಟ್ಟದ ತಂಡಗಳ ಜೊತೆ ಬೇರೆ ಟ್ರೋಫಿಗೆ ಆಡಿಸುತ್ತಾರೆ. ಮೊದಲೇ ಎಲ್ಲ ಕಡೆಯಿಂದ ಹೊರಗೆ ಹಾಕಿಸಿಕೊಂಡು ಬಂದವರನ್ನು ಇಲ್ಲಿಂದಲೂ ಎರಡನೇ ದಿನವೇ ಹೊರಗೆ ಹಾಕಿದರೆ ಹೇಗೆ?

ಈಗ ಆ ರಷ್ಯಾದವನ ವಿಷಯ.

ಸೋವಿಯತ್ ಕಾಲದಲ್ಲಿ ‘ಪ್ರೊಪಿಸ್ಕಾ’ ಅಂತ ಒಂದು ಪದ್ಧತಿ ಇತ್ತು. ನೀವು ಯಾವ ಊರಿನ ಯಾವ ಮನೆಯಲ್ಲಿ ಇರಬಹುದು ಅನ್ನುವುದಕ್ಕೆ, ದೇಶದೊಳಗೆ ಗುರುತಿನ ಚೀಟಿಯಾಗಿ ಬಳಸುವ ಪಾಸ್‌ಪೋರ್ಟಿನಲ್ಲೇ ಒಂದು ಮುದ್ರೆ. 1990ರ ದಶಕದಲ್ಲಿ ಅದು ಹೋಗಿ ‘ನೋಂದಣಿ’ ಬಂತು. ಹೆಸರು ಹೊಸದು, ಗೋಳು ಹಳೆಯದೇ. ಮನೆ ಹೋದರೆ ನೋಂದಣಿ ಹೋಯಿತು. ನೋಂದಣಿ ಇಲ್ಲದಿದ್ದರೆ ಸರಿಯಾದ ಕೆಲಸಕ್ಕೆ, ಆಸ್ಪತ್ರೆಗೆ, ಪಿಂಚಣಿಗೆ, ಎಲ್ಲದಕ್ಕೂ ತೊಡಕು. ಕೆಲಸ ಇಲ್ಲದಿದ್ದರೆ ಮನೆ ಹಿಡಿಯುವುದು ಹೇಗೆ? ಅಲ್ಲಿಗೆ ಸುತ್ತು ಪೂರ್ತಿ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ‘ನೊಚ್ಲೆಷ್ಕಾ’ ಅನ್ನುವ ಸಂಸ್ಥೆ 1990ರಿಂದ ಸೂರಿಲ್ಲದವರ ಜೊತೆ ಕೆಲಸ ಮಾಡುತ್ತಿದೆ. ಅವರ ಮೊದಮೊದಲ ಕೆಲಸಗಳಲ್ಲಿ ಒಂದು ಏನು ಗೊತ್ತಾ? ಬೀದಿಯವರಿಗೆ ಪಡಿತರ ಚೀಟಿ ಕೊಡಿಸುವುದು. ಆಗ ಊಟದ ಸಾಮಾನು ಚೀಟಿಗೆ ಮಾತ್ರ ಸಿಗುತ್ತಿತ್ತು, ಚೀಟಿ ವಿಳಾಸ ಇದ್ದವರಿಗೆ ಮಾತ್ರ ಸಿಗುತ್ತಿತ್ತು.

ಮಕ್ಕಳಾಗಿದ್ದಾಗ ಆಟದಲ್ಲಿ ತೀರಾ ಚಿಕ್ಕವರನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಿದ್ದೆವು. ಓಡಬಹುದು, ಕೂಗಬಹುದು, ಔಟಾದರೂ ಲೆಕ್ಕ ಇಲ್ಲ, ಗೆದ್ದರೂ ಲೆಕ್ಕ ಇಲ್ಲ. ಆ ಊರಲ್ಲಿ ವಿಳಾಸ ಇಲ್ಲದವರ ಸ್ಥಿತಿ ಹೆಚ್ಚೂಕಡಿಮೆ ಹಾಗೇ. ಬೀದಿಯಲ್ಲಿ ಕಾಣುತ್ತಾರೆ, ಪುಸ್ತಕದಲ್ಲಿ ಇಲ್ಲ. ಆದರೆ 2006ರಲ್ಲಿ ಕೇಪ್ ಟೌನ್‌ನಲ್ಲಿ ಕಪ್ ಗೆದ್ದದ್ದು ಇದೇ ರಷ್ಯಾ, ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿ. ಎದೆ ಮೇಲೆ ದೇಶದ ಹೆಸರು. ಆ ದೇಶದ ಕಡತದಲ್ಲಿ ಇವರಿಗೊಂದು ಮನೆ ನಂಬರಿಲ್ಲ.

ಈ ಇಕ್ಕಟ್ಟು ರಷ್ಯಾದವರದಷ್ಟೇ ಅಲ್ಲ. ಬೇರೆ ದೇಶಕ್ಕೆ ಆಡಲು ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ವಿಳಾಸ ಬೇಕು, ಫೋಟೊ ಬೇಕು, ಸಹಿ ಬೇಕು. ಬೀದಿಯಲ್ಲಿ ಮಲಗುವವರ ಚೀಲದಿಂದ ಮೊದಲು ಕಳುವಾಗುವುದೇ ಈ ಕಾಗದಗಳು. ಅದೆಲ್ಲ ಜೋಡಿಸಿದರೂ ವೀಸಾ ಅಂತ ಇನ್ನೊಂದು ಗೋಡೆ ಇದೆ. 2005ರ ಟೂರ್ನಿ ನಡೆಯಬೇಕಿದ್ದದ್ದು ನ್ಯೂಯಾರ್ಕ್‌ನಲ್ಲಿ. ಆಟಗಾರರಿಗೆ ವೀಸಾ ಸಿಗುವ ಭರವಸೆ ಇಲ್ಲದೆ ಅದನ್ನು ಸ್ಕಾಟ್ಲೆಂಡ್‌ನ ಎಡಿನ್‌ಬರೋಗೆ ಸಾಗಿಸಿದರು. ಅಲ್ಲಿ ಬ್ರಿಟನ್ ಆಫ್ರಿಕಾದ ಕೆಲವು ತಂಡಗಳಿಗೆ ವೀಸಾ ನಿರಾಕರಿಸಿತು. ವೀಸಾ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ‘ನೀವು ವಾಪಸ್ ಮನೆಗೆ ಹೋಗುತ್ತೀರಿ ಅನ್ನುವುದಕ್ಕೆ ಏನು ಪುರಾವೆ?’ ಅಂತ. ಮನೆ ಇಲ್ಲದವರು ಇದಕ್ಕೆ ಏನು ಉತ್ತರ ಕೊಡಬೇಕು?

ಇಷ್ಟೆಲ್ಲ ಒದ್ದಾಡಿ, ವಿಮಾನದ ಖರ್ಚು ಹಾಕಿ, ಫುಟ್‌ಬಾಲ್ ಆಡಿಸುವುದು ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಲ್ಲವೇ ಇದು? ಪ್ರಶ್ನೆಯನ್ನು ನಾನು ಹಗುರಾಗಿ ತಗೊಳ್ಳುವುದಿಲ್ಲ. ಮನೆ ಇಲ್ಲದಿರುವುದಕ್ಕೆ ಮದ್ದು ಮನೆಯೇ. ಫಿನ್‌ಲೆಂಡ್ 2008ರಿಂದ ಇದನ್ನೇ ನೀತಿ ಮಾಡಿಕೊಂಡು ಬಂದಿದೆ. ‘ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ’ ಅನ್ನದೆ, ಮೊದಲು ಬಾಗಿಲಿನ ಬೀಗದ ಕೈ ಕೊಟ್ಟು, ಉಳಿದದ್ದನ್ನು ಆಮೇಲೆ ನೋಡುವುದು. ಮುಂದಿನ ಹಲವು ವರ್ಷ ಅಲ್ಲಿ ಸೂರಿಲ್ಲದವರ ಸಂಖ್ಯೆ ಇಳಿಯಿತು. ಇಳಿಸಿದ್ದು ಚೆಂಡಲ್ಲ, ಸರ್ಕಾರದ ದುಡ್ಡು ಮತ್ತು ಹಟ.

ಹಾಗಾದರೆ ಚೆಂಡಿನ ಕೆಲಸ ಏನು? ಬೀದಿಯ ಬದುಕು ಅಂದರೆ ಕಾಯುವ ಬದುಕು. ಊಟದ ಸಾಲಿನಲ್ಲಿ ಕಾಯಬೇಕು. ಆಶ್ರಯತಾಣದ ಬಾಗಿಲು ತೆರೆಯುವ ತನಕ ಕಾಯಬೇಕು. ಕಚೇರಿಯ ಬೆಂಚಿನ ಮೇಲೆ ಟೋಕನ್ ಹಿಡಿದು ಕಾಯಬೇಕು. ಇಡೀ ದಿನ ಯಾರನ್ನೋ ಕಾಯುವವರನ್ನು ಕಾಯುವವರು ಮಾತ್ರ ಯಾರೂ ಇಲ್ಲ. ಅವರು ಒಂದು ದಿನ ಕಾಣದಿದ್ದರೆ ಸಾಲು ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅಷ್ಟೇ. ಪ್ರಾಕ್ಟೀಸ್ ಇದ್ದಾಗ ಲೆಕ್ಕ ತಿರುಗುತ್ತದೆ. ನಾಲ್ಕು ಜನರ ತಂಡದಲ್ಲಿ ಒಬ್ಬ ಬರದಿದ್ದರೆ ಆಟ ನಿಲ್ಲುತ್ತದೆ. ‘ಎಲ್ಲಿ ಅವನು?’ ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ. ತಡವಾಗಿ ಬಂದರೆ ಬೈಗುಳ ಬೀಳುತ್ತದೆ. ಬೈಗುಳಕ್ಕೂ ಒಂದು ಬೆಲೆ ಇದೆ. ಬೇಡದವರನ್ನು ಯಾರೂ ಬೈಯುವುದಿಲ್ಲ, ಸುಮ್ನೆ ದಾಟಿ ಹೋಗುತ್ತಾರೆ.

ದಾನ ಕೊಡುವವರು ಎಷ್ಟೇ ಒಳ್ಳೆಯವರಾದರೂ ಒಂದು ಕೆಲಸ ಮಾಡಲಾರರು. ತಗೊಳ್ಳುವವರಿಂದ ಏನನ್ನೂ ಕೇಳಲಾರರು. ತಂಡ ಕೇಳುತ್ತದೆ. ಹೊತ್ತಿಗೆ ಸರಿಯಾಗಿ ಬಾ, ಚೆಂಡು ಬಿಟ್ಟುಕೊಡು, ಸಿಟ್ಟು ಹಿಡಿದಿಟ್ಟುಕೋ, ಗೋಲ್ ಬಿಟ್ಟವನ ಹೆಗಲ ಮೇಲೆ ಕೈ ಹಾಕು. ಇಷ್ಟು ಕೇಳಿಸಿಕೊಳ್ಳುವುದೇ ಎಷ್ಟೋ ವರ್ಷದಲ್ಲಿ ಮೊದಲ ಸಲ ಇರಬಹುದು. ಆಶಾಕಿರಣ, ಹೊಸ ಬೆಳಕು ಅಂತೆಲ್ಲ ಬರೆಯುತ್ತಾರಲ್ಲ, ಹತ್ತಿರದಿಂದ ನೋಡಿದರೆ ಅದು ಇಷ್ಟೇ ಇರುತ್ತದೆ ಅಂತ ನನಗನ್ನಿಸುತ್ತದೆ. ಮುಂದಿನ ವಾರ ಇಷ್ಟು ಗಂಟೆಗೆ ನಾನು ಒಂದು ಕಡೆ ಇರಬೇಕು ಅನ್ನುವ ಅರಿವು.

ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಿಂದ ಮಕ್ಕಳ ಕ್ರೀಡಾ ಸಂಘವೊಂದಿದೆ. ಅಲ್ಲಿನ ಲೀಗ್‌ನಲ್ಲಿ ಬರೀ ಪಂದ್ಯ ಗೆದ್ದರೆ ಸಾಲದು, ತಂಡವಾಗಿ ಹೋಗಿ ಕೇರಿಯ ಕಸ ಎತ್ತಿದರೆ ಅದಕ್ಕೂ ಅಂಕ. ಶಾರ್ಲೆಟ್‌ನಲ್ಲಿ ಸೂರಿಲ್ಲದವರ ತಂಡ ಕಟ್ಟಿದ ಲಾರೆನ್ಸ್ ಕ್ಯಾನ್ ಮುಂದೆ ಅದನ್ನೇ ‘ಸ್ಟ್ರೀಟ್ ಸಾಕರ್ ಯುಎಸ್‌ಎ’ ಅಂತ ಬೇರೆ ಊರುಗಳಿಗೂ ಬೆಳೆಸಿದರು. ಎರಡೂ ಕಡೆ ಚೆಂಡಿನ ಹಿಂದೆ ವರ್ಷವಿಡೀ ದುಡಿಯುವ ಜನ ಇದ್ದಾರೆ. ‘ಒಂದು ಚೆಂಡು ಜಗತ್ತನ್ನೇ ಬದಲಿಸಬಹುದು’ ಅನ್ನುವುದು ಈ ವಿಶ್ವಕಪ್‌ನ ಘೋಷವಾಕ್ಯ. ಕೇಳಲು ಚೆನ್ನಾಗಿದೆ. ಆದರೆ ಫಾರಂ ತುಂಬುವವರು, ಕ್ಲಿನಿಕ್ಕಿಗೆ ಜೊತೆಗೆ ಹೋಗುವವರು, ರಾತ್ರಿ ಫೋನ್ ಎತ್ತುವವರು ಇಲ್ಲದಿದ್ದರೆ ಚೆಂಡು ಎಷ್ಟು ದೂರ ಉರುಳೀತು?

ಚೆಂಡು ಬೇರೆ ದಿಕ್ಕಿಗೂ ಉರುಳುತ್ತದೆ. ಇದಕ್ಕೆ ಕೇಪ್ ಟೌನ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2006ರ ಟೂರ್ನಿ ನಡೆದದ್ದು ಊರ ನಡುವಿನ ಗ್ರ್ಯಾಂಡ್ ಪರೇಡ್ ಮೈದಾನದಲ್ಲಿ. 1990ರ ಫೆಬ್ರವರಿ 11ರಂದು ಜೈಲಿನಿಂದ ಹೊರಬಂದ ನೆಲ್ಸನ್ ಮಂಡೇಲಾ ಸಂಜೆ ಎದುರಿನ ಸಿಟಿ ಹಾಲ್ ಮೊಗಸಾಲೆಯಿಂದ ಮಾತಾಡಿದಾಗ ಜನ ಕಿಕ್ಕಿರಿದು ನಿಂತಿದ್ದದ್ದು ಅಲ್ಲೇ. ಸೂರಿಲ್ಲದವರಿಗೆ ಅಂಥ ಜಾಗದಲ್ಲಿ ಅಂಗಳ ಹಾಕಿಕೊಟ್ಟದ್ದು ದೊಡ್ಡ ಗೌರವ, ಅನುಮಾನವಿಲ್ಲ. ಇದಾಗಿ ನಾಲ್ಕು ವರ್ಷಕ್ಕೆ ಫಿಫಾ ವಿಶ್ವಕಪ್ ಬಂತು. ಅದೇ ಗ್ರ್ಯಾಂಡ್ ಪರೇಡ್‌ನಲ್ಲಿ ದೊಡ್ಡ ಪರದೆ ಹಾಕಿ ಅಭಿಮಾನಿಗಳಿಗೆ ಪಂದ್ಯ ತೋರಿಸಿದರು. ಆ ಹೊತ್ತಿಗೆ ಊರಾಚೆ ಬ್ಲಿಕ್ಕೀಸ್‌ಡಾರ್ಪ್ ಅನ್ನುವ ತಗಡಿನ ಶೆಡ್ಡುಗಳ ಶಿಬಿರ ತುಂಬುತ್ತಿತ್ತು. ವಿಶ್ವಕಪ್‌ಗೆ ಊರು ಚಂದ ಕಾಣಲಿ ಅಂತ ತಮ್ಮನ್ನು ಇಲ್ಲಿಗೆ ತಂದು ಹಾಕಿದರು ಅಂತ ಅಲ್ಲಿನ ಜನ ದೂರಿದರು. ನಗರಾಡಳಿತ ಒಪ್ಪಲಿಲ್ಲ. ಮೈದಾನ ಒಂದೇ, ಆಟ ಒಂದೇ. ಸೂರಿಲ್ಲದವರನ್ನು ಒಂದು ಸಲ ನಡುವೆ ನಿಲ್ಲಿಸಿತು, ಇನ್ನೊಂದು ಸಲ ಅಂಚಿಗೆ ತಳ್ಳಿತು. ಚಿತ್ರ ಬಂದದ್ದು ಇದಕ್ಕೆ ಮೊದಲು, ಹಾಗಾಗಿ ಅದರಲ್ಲಿ ಈ ಭಾಗ ಇಲ್ಲ. ನಂತರ ನೋಡುವ ನಮಗೆ ಮಾತ್ರ ನೆನಪಾಗದೆ ಇರದು.

ಚಿತ್ರದ ಬಗ್ಗೆ ನನ್ನ ತಕರಾರು ಬೇರೆ ಇದೆ. ಏಳಕ್ಕೆ ಏಳೂ ಗಂಡಸರು. ಹೆಂಗಸರ ಬೀದಿ ಬದುಕು ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ, ಅದು ನಿಜ. ಹೊಡೆಯುವ ಗಂಡನ ಮನೆಯಿಂದ ಓಡಿ ಬಂದವಳು ಪಾರ್ಕಿನ ಬೆಂಚಿನ ಮೇಲೆ ಮಲಗುವುದಿಲ್ಲ. ಗೆಳತಿಯ ಮನೆಯ ಹಜಾರ, ಅಕ್ಕನ ಮನೆಯ ಮೂಲೆ, ಹೀಗೆ ದಿನಕ್ಕೊಂದು ಕಡೆ ಇರುತ್ತಾಳೆ. ಕಣ್ಣಿಗೆ ಕಾಣುವುದಿಲ್ಲ, ಎಣಿಕೆಗೂ ಸಿಗುವುದಿಲ್ಲ. ಟೂರ್ನಿಯಲ್ಲೇ ಹೆಂಗಸರಿಗೆ ಪ್ರತ್ಯೇಕ ಕಪ್ ಬಂದದ್ದು 2008ರಲ್ಲಿ, ಮೆಲ್ಬರ್ನ್‌ನಲ್ಲಿ. ಜಾಂಬಿಯಾ ಅದನ್ನು ಮೊದಲು ಗೆದ್ದಿತು.

ಇನ್ನೊಂದು ತಕರಾರು ಅಂಕಿಗಳ ಬಗ್ಗೆ. ಟೂರ್ನಿ ತಮ್ಮ ಬದುಕಿಗೆ ಒಳ್ಳೆಯದು ಮಾಡಿತು ಅಂತ ಶೇ. 94 ಆಟಗಾರರು ಹೇಳುತ್ತಾರೆ, ಬದುಕು ಗಣನೀಯವಾಗಿ ಬದಲಾಯಿತು ಅಂತ ಶೇ. 77 ಜನ ಹೇಳುತ್ತಾರೆ. ಸಂಘಟಕರೇ ಕೊಡುವ ಲೆಕ್ಕ ಇದು. ಸುಳ್ಳು ಅನ್ನಲಾರೆ. ಆದರೆ ಕೇಳಿದ್ದು ಹೋಗಿ ಬಂದವರನ್ನು. ಒಂದು ತಂಡದಲ್ಲಿ ಎಂಟೇ ಜನ. ಅದೇ ಅಂಗಳದಲ್ಲಿ ಅಷ್ಟೇ ಬೆವರು ಹರಿಸಿ, ಪಟ್ಟಿಯಲ್ಲಿ ಹೆಸರು ಬಾರದೆ ಉಳಿದವರು ಎಷ್ಟೋ. ಕಾಗದ ಪತ್ರ ಹೊಂದದೆ ವಿಮಾನ ಹತ್ತಲಾಗದವರು ಎಷ್ಟೋ. ಅವರ ಬಗ್ಗೆ ಯಾರಾದರೂ ಚಿತ್ರ ಮಾಡಿದರೆ ಅದನ್ನೂ ನೋಡುತ್ತೇನೆ, ಅನುಮಾನ ಇಟ್ಟುಕೊಂಡೇ.

ಇದೆಲ್ಲ ಇದ್ದೂ ‘ಕಿಕಿಂಗ್ ಇಟ್’ ನನಗೆ ಹಿಡಿಸಿತು. ಕಪ್ ಗೆಲ್ಲುವುದಕ್ಕಿಂತ ಮುಂಚಿನ ಊರು, ಬೀದಿ, ಹಾಸಿಗೆಗಳಿಗೆ ಅದು ಹೊತ್ತು ಕೊಡುತ್ತದೆ. ಹಾಗಾಗಿ ಗೋಲ್ ಬಿದ್ದಾಗ ಯಾರು ಗೆದ್ದರು ಅನ್ನುವುದಕ್ಕಿಂತ ಈ ಮನುಷ್ಯ ನಾಳಿದ್ದು ಎಲ್ಲಿಗೆ ವಾಪಸ್ ಹೋಗುತ್ತಾನೆ ಅನ್ನುವುದೇ ತಲೆಯಲ್ಲಿ ಜಾಸ್ತಿ ಓಡುತ್ತದೆ.

ವಾಪಸ್ ಹೋಗುವ ಪ್ರಶ್ನೆ ಈ ಟೂರ್ನಿಯ ಇನ್ನೊಂದು ನಿಯಮಕ್ಕೂ ಅಂಟಿಕೊಂಡಿದೆ. ಒಬ್ಬ ಆಟಗಾರ ಜೀವನದಲ್ಲಿ ಒಂದೇ ಸಲ ಆಡಬಹುದು. 16 ತುಂಬಿರಬೇಕು, ಹಿಂದಿನ ಟೂರ್ನಿಯ ನಂತರ ಯಾವಾಗಲಾದರೂ ಸೂರಿಲ್ಲದೆ ಇದ್ದಿರಬೇಕು, ಅಥವಾ ಬೀದಿ ಪತ್ರಿಕೆ ಮಾರಿ ಬದುಕುತ್ತಿರಬೇಕು, ಅಥವಾ ಆಶ್ರಯ ಕೋರಿ ಬಂದವರಾಗಿರಬೇಕು. ಒಮ್ಮೆ ಆಡಿದ ಮೇಲೆ ಎಷ್ಟೇ ಚೆನ್ನಾಗಿ ಆಡಿದರೂ ಎರಡನೇ ಸಲ ಇಲ್ಲ. ಮೊದಲು ನನಗಿದು ಕ್ರೂರ ಅನ್ನಿಸಿತು. ಒಂದು ವಾರ ಹೀರೋ ಮಾಡಿ, ಆಮೇಲೆ ಬಾಗಿಲು ಹಾಕುವುದಾ? ಯೋಚಿಸಿದಂತೆ ಇದರಲ್ಲೂ ಒಂದು ನ್ಯಾಯ ಕಂಡಿತು. ಎರಡನೇ ಸಲ ಆಡಲು ಅರ್ಹತೆ ಬೇಕಾದರೆ ಮತ್ತೆ ಬೀದಿಯಲ್ಲೇ ಇರಬೇಕಾಗುತ್ತದೆ. ಆಟಕ್ಕೋಸ್ಕರ ಯಾರೂ ಅಲ್ಲೇ ಉಳಿಯಬಾರದು. ಕೆಲವರು ಕೋಚ್ ಆಗಿ, ರೆಫರಿ ಆಗಿ ಮರಳಿ ಬರುತ್ತಾರೆ. ಅದಕ್ಕೆ ತಡೆ ಇಲ್ಲ.

ಇನ್ನು ಕೆಲವರು ವಾಪಸ್ ಹೋಗುವುದೇ ಇಲ್ಲ. ಚಿತ್ರ ಬಂದ ವರ್ಷವೇ ಮೆಲ್ಬರ್ನ್‌ನಲ್ಲಿ ಅಫ್ಘಾನಿಸ್ತಾನ ಫೈನಲ್‌ನಲ್ಲಿ ರಷ್ಯಾವನ್ನು 5–4ರಲ್ಲಿ ಸೋಲಿಸಿ ಕಪ್ ಎತ್ತಿತು. ಆ ಟೂರ್ನಿ ಮುಗಿದ ಮೇಲೆ ಬೇರೆ ಬೇರೆ ದೇಶಗಳಿಂದ ಬಂದಿದ್ದ ಕೆಲವು ಆಟಗಾರರು ಆಸ್ಟ್ರೇಲಿಯಾದಲ್ಲೇ ಉಳಿದು ಆಶ್ರಯ ಕೇಳಿದರು. ಇಂಥವರಿಂದಲೇ ಮುಂದೆ ಬರುವವರಿಗೆ ವೀಸಾ ಸಿಗುವುದು ಕಷ್ಟವಾಗುತ್ತದೆ ಅನ್ನುವ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಅವರನ್ನು ಮೋಸಗಾರರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮನೆ ಇಲ್ಲದವರ ಟೂರ್ನಿಗೆ ಬಂದರು, ಅಲ್ಲೇ ಒಂದು ಮನೆ ಕೇಳಿದರು.